ಆಫ್ರಿಕಾದಾಗ ಯಾವ ಊರ್ರಿ?

ಕಳೆದ ತಿಂಗಳ ಎರಡನೇ ಮಂಗಳವಾರ ನಮ್ಮ ಪತ್ರಿಕೆಯ ಒಂಬತ್ತನೇ ಪುಟದಲ್ಲಿ ಆರು ಸಾಲಿನ ಸುದ್ದಿಯೊಂದು ಅಚ್ಚಾಯಿತು. ಶೀರ್ಷಿಕೆ: ‘ಆಫ್ರಿಕಾದಲ್ಲಿ ಹಿಂಸಾಚಾರ, ಬಸ್‌ಗಳಿಗೆ ಬೆಂಕಿ’. ಅದೇ ದಿನ ಬೆಳಿಗ್ಗೆ ಎಂಟಕ್ಕೆ ಕುಡಚಿಯಲ್ಲಿ ಒಬ್ಬ ಹೆಣ್ಣುಮಗಳ ಪಾಸ್‌ಪೋರ್ಟ್ ಕಬ್ಬಿಣದ ಟ್ರಂಕು ಸೇರಿತು. ಟ್ರಂಕಿಗೆ ಕೀಲಿ ಬಿತ್ತು.

ಆ ಶೀರ್ಷಿಕೆ ಕೊಟ್ಟವನು ನಾನು.

ಒಂಬತ್ತೂವರೆಗೆ ಚಿಕ್ಕೋಡಿಯ ನಮ್ಮ ಕಚೇರಿಗೆ ಫೋನ್ ಬಂತು. ‘ಸಾಹೇಬ್ರ, ಆಫ್ರಿಕಾದಾಗ ಯಾವ ಊರ್ರಿ?’

ಕೇಳಿದವರು ಇಮಾಮಸಾಬ. ಕುಡಚಿ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು, ನಮ್ಮ ಹಳೆಯ ಓದುಗರು. ಮಗ ಮುನೀರ್ ತಾಂಜಾನಿಯಾದ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ. ಸೊಸೆ ಶಬಾನಾ ಶುಕ್ರವಾರ ಅಲ್ಲಿಗೆ ಹೊರಡುವವರಿದ್ದರು. ಸುದ್ದಿ ಓದಿ ಮಾವ ಟ್ರಂಕಿಗೆ ಹಾಕಿದ್ದು ಅವರ ಪಾಸ್‌ಪೋರ್ಟನ್ನೇ.

ಯಾವ ಊರು? ನನಗೆ ನೆನಪಿರಲಿಲ್ಲ.

ಸುದ್ದಿ ಏಜೆನ್ಸಿ ಕಳಿಸಿದ್ದು ಇಪ್ಪತ್ತು ಸಾಲು. ಪುಟದಲ್ಲಿ ಉಳಿದಿದ್ದ ಜಾಗ ಆರು ಸಾಲಿನದು. ಕತ್ತರಿ ಆಡಿಸುವಾಗ ದೇಶದ ಹೆಸರೇ ಹೋಗಿತ್ತು. ಒಂದು ಕಾಲಂ ಶೀರ್ಷಿಕೆಯಲ್ಲಿ ‘ಆಫ್ರಿಕಾ’ ಸಲೀಸಾಗಿ ಕೂರುತ್ತದೆ. ನಮ್ಮ ಡೆಸ್ಕಿನ ಹಳೆಯ ರೂಢಿ ಇದು. ಐವತ್ತಕ್ಕೂ ಹೆಚ್ಚು ದೇಶಗಳನ್ನು ಮೂರಕ್ಷರದಲ್ಲಿ ಮುಗಿಸಿಬಿಡುತ್ತೇವೆ. ‘ಏಷ್ಯಾದಲ್ಲಿ ಬಸ್‌ಗೆ ಬೆಂಕಿ’ ಎಂದು ಯಾವತ್ತಾದರೂ ಬರೆದಿದ್ದೇವೆಯೇ? (ನಮ್ಮ ಕಾಡಿಗೆ ಚೀತಾಗಳು ಬಂದಾಗ ಮಾತ್ರ ನಮೀಬಿಯಾದ ಹೆಸರನ್ನು ತಪ್ಪದೆ ಬರೆದೆವು.)

ಏಜೆನ್ಸಿ ಕಾಪಿ ತೆಗೆದು ನೋಡಿದೆ. ನೈಜೀರಿಯಾದ ಒಂದು ಪಟ್ಟಣ. ಫೋನ್ ಮಾಡಿ ಹೇಳಿದೆ.

‘ದೇಶ ಬ್ಯಾರೆ ಇರ್ಲಿ, ಆಫ್ರಿಕಾನ ಹೌದಲ್ರಿ?’ ಎಂದರು ಇಮಾಮಸಾಬ. ಹಾಗೆ ಬರೆದು ಕಲಿಸಿದವರು ನಾವೇ ತಾನೆ?

ಮರುದಿನ ಕಚೇರಿಯ ಗೋಡೆಯ ಮೇಲಿದ್ದ ಜಗತ್ತಿನ ನಕಾಶೆಯನ್ನು ಸುತ್ತಿಕೊಂಡು ಕುಡಚಿಗೆ ಹೋದೆ.

ಶಬಾನಾ ಹೊಲಿಗೆ ಯಂತ್ರದ ಮುಂದಿದ್ದರು. ಮುನೀರ್ ಪ್ಯಾನ್‌ಮನ್. ಎಂದರೆ ಕಬ್ಬಿನ ಪಾಕ ಬೇಯಿಸಿ, ಹರಳು ಕಟ್ಟುವ ಹದ ಹಿಡಿಯುವವನು. ಅಥಣಿ, ರಾಯಬಾಗ ಕಡೆಯ ಕಾರ್ಖಾನೆಗಳಲ್ಲಿ ಕೈ ಪಳಗಿದ ಇಂಥವರು ಅಲ್ಲಿಗೆ ಹೋಗುವುದು ಹೊಸದೇನಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಮುನೀರ್ ಎರಡು ವರ್ಷ ಕಾದಿದ್ದ.

ನಕಾಶೆಯನ್ನು ನೆಲದ ಮೇಲೆ ಹಾಸಿದೆವು. ಶಬಾನಾ ರೀಲಿನಿಂದ ದಾರ ಎಳೆದು ಒಂದು ತುದಿಯನ್ನು ತಾಂಜಾನಿಯಾದ ಮೇಲೆ, ಇನ್ನೊಂದನ್ನು ನೈಜೀರಿಯಾದ ಮೇಲೆ ಒತ್ತಿದರು.

‘ದಾರ ಜಗ್ಗಬ್ಯಾಡವಾ’ ಎಂದರು ಇಮಾಮಸಾಬ.

‘ಜಗ್ಗಿದ್ರ ಹಿಗ್ಗಾಕ ಇದೇನ್ ರಬ್ಬರ್ ಏನ್ರಿ ಅಬ್ಬಾ?’ (ಮನೆಯ ಮಾತು ಉರ್ದು. ನನಗೂ ತಿಳಿಯಲೆಂದು ಕನ್ನಡದಲ್ಲೇ ಜಗಳಾಡಿದರು.)

ಅಷ್ಟೇ ದಾರವನ್ನು ತಾಂಜಾನಿಯಾದಿಂದ ನಮ್ಮ ಕಡೆ ತಿರುಗಿಸಿದರು. ಅದು ಅರಬ್ಬಿ ಸಮುದ್ರ ದಾಟುತ್ತ ಬಂದು, ನಮ್ಮ ದಂಡೆಗೆ ಇನ್ನೆರಡು ಬೆರಳು ಇರುವಾಗ ಮುಗಿಯಿತು.

‘ನೋಡ್ರಿ ಅಬ್ಬಾ, ಬೆಂಕಿ ಹತ್ತಿದ ಊರು ನಿಮ್ಮ ಮಗಗ ಹೆಚ್ಚುಕಡಿಮಿ ನಮ್ಮಷ್ಟ ದೂರ. ಹೋದ ಸಲ ಗಡಿ ಗಲಾಟಿ ಆದಾಗ ಏನಾತು, ನೆನಪೈತೇನ್ರಿ? ಎಲ್ಲೋ ಒಂದ್ ಬಸ್ಸಿಗಿ ಮಸಿ ಬಳದ್ರು. ಕಾಗವಾಡದಾಗ ಬಸ್ ನಿಂತ್ವು. ಟೀವಿಯಾಗ ಜಿಲ್ಲಾನ ಹೊತ್ತಿ ಉರದಂಗ ತೋರಿಸಿದ್ರು. ನಿಮ್ಮ ಮಗಾ ಅಲ್ಲಿಂದ ಫೋನ್ ಹಚ್ಚಿ, ಎಲ್ಲಾರೂ ಮನಿ ಬಿಟ್ಟು ಹೋಗ್ರಿ ಅಂದ್ರು. ಆವಾಗ ನೀವ್ ಏನಂದ್ರಿ?’

ಇಮಾಮಸಾಬ ನನ್ನ ಕಡೆ ನೋಡಿ ನಕ್ಕರು. ‘ಲೇ, ನಾ ಇಲ್ಲಿ ಭಜಿ ತಿನ್ನಾಕತ್ತೀನಿ, ನೀ ಅಲ್ಲಿ ಕುಂತು ಅಳಾಕತ್ತೀಯಲ್ಲೋ ಅಂದಿದ್ನಿರಿ.’

ನಕ್ಕರು, ಕೀಲಿ ಮಾತ್ರ ತೆಗೆಯಲಿಲ್ಲ.

‘ಸಾಹೇಬ್ರ, ನೀವು ಬೆಂಕಿ ಹತ್ತಿದಾಗಷ್ಟ ಬರೀತೀರಿ. ಮಗಾ ಹೋಗಿ ಎರಡ್ ವರ್ಸಾತು. ಆ ದೇಶದ್ದು ಒಂದ್ ಸಾಲು ನಿಮ್ಮ ಪೇಪರಿನ್ಯಾಗ ಓದಿಲ್ಲ ನಾ. ಮಳಿ ಆತೋ ಇಲ್ಲೋ, ಕಬ್ಬು ಹೆಂಗೈತಿ, ದವಾಖಾನಿ ಹೆಂಗದಾವು? ಏನೂ ಆಗಿಲ್ಲ ಅನ್ನೂದೂ ನಮಗ ಸುದ್ದಿನರಿ. ಅದನ್ನ ಯಾರೂ ಹೇಳಂಗಿಲ್ಲ ಅಂದ್ರ, ಸೊಸಿನ್ನ ಯಾವ ಧೈರ್ಯದ ಮ್ಯಾಲ ಕಳಸ್ಲಿ?’

ನಾನು ನಕಾಶೆ ಸುತ್ತತೊಡಗಿದೆ.

ದಂಗೆ, ರೋಗ, ಬರ. ಈ ಮೂರರಲ್ಲಿ ಒಂದಾದರೂ ಇಲ್ಲದೆ ಆ ಖಂಡದ ಸುದ್ದಿಗೆ ನಮ್ಮ ಪುಟದಲ್ಲಿ ಜಾಗ ಸಿಗುವುದಿಲ್ಲ. ಅದೂ ಎಲ್ಲೆಲ್ಲೋ ಸುತ್ತಿ, ಯಾರ್ಯಾರದೋ ಕತ್ತರಿ ದಾಟಿ ಬರುತ್ತದೆ. ಕೊನೆಯ ಕತ್ತರಿ ನನ್ನದು. ಅಲ್ಲಿನ ಮಳೆ, ಬೆಳೆ ಕೇಳಿದರೆ ಹೇಳಬಲ್ಲ ಕುಡಚಿಯ ಒಬ್ಬ ಮನುಷ್ಯ ಅಲ್ಲೇ ಇದ್ದ. ಅವನ ನಂಬರ್ ಅವನ ಮನೆಯಲ್ಲಿತ್ತು. ಎರಡು ವರ್ಷದಲ್ಲಿ ನಾವು ಒಮ್ಮೆಯಾದರೂ ಕೇಳಿದೆವೇ?

ಗುರುವಾರ ಎರಡು ಸಾಲಿನ ತಿದ್ದುಪಡಿ ಪ್ರಕಟವಾಯಿತು. ಶುಕ್ರವಾರದ ವಿಮಾನ ಶಬಾನಾ ಅವರಿಲ್ಲದೆ ಹೊರಟಿತು. ಶೀರ್ಷಿಕೆ ಎರಡು ಸಾಲಾದರೂ ಸರಿ, ದೇಶದ ಹೆಸರು ಇರಲೇಬೇಕೆಂದು ಸಂಪಾದಕರು ಸೂಚಿಸಿದ್ದಾರೆ.

ಕಳೆದ ಭಾನುವಾರ ಅದೇ ಒಂಬತ್ತನೇ ಪುಟದಲ್ಲಿ ಹದಿನಾಲ್ಕು ಸಾಲು ಬಂತು: ‘ತಾಂಜಾನಿಯಾ: ಮಳೆ ಸಕಾಲಕ್ಕೆ, ಕಬ್ಬು ನುರಿಸಲು ಸಿದ್ಧತೆ’. ಮುನೀರ್ ಫೋನಿನಲ್ಲಿ ಹೇಳಿದ್ದನ್ನು ಅಲ್ಲಿನ ಪತ್ರಿಕೆಗಳ ಜೊತೆ ತಾಳೆ ನೋಡಿ ಬರೆದದ್ದು. ಇಮಾಮಸಾಬ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ.

ನಿನ್ನೆ ಸಂಜೆ ಫೋನ್ ಮಾಡಿದ್ದೆ. ಪಾಸ್‌ಪೋರ್ಟ್ ಇನ್ನೂ ಟ್ರಂಕಿನಲ್ಲೇ ಇದೆ. ಇಮಾಮಸಾಬ ಕೊಟ್ಟ ಕೀಲಿಕೈ ಈಗ ಶಬಾನಾ ಅವರ ಕೈಯಲ್ಲಿದೆ.