ಲೆನ್ಸ್ ಡಬ್ಬಿಯಲ್ಲಿ ಕಾಲುವೆ ನೀರು

ನಿನ್ನ ಬಲಗಣ್ಣು ಕೆಡಿಸಿದ್ದು ನಾನು, ಮಾದೇವಿ. ಲೆನ್ಸ್ ಡಬ್ಬಿಗೆ ಕಾಲುವೆ ನೀರು ಹಾಕಿದ್ದೂ ನಾನೇ, ಡಾಕ್ಟರ ಮುಂದೆ ತಪ್ಪನ್ನು ನಿನ್ನ ಮೇಲೆ ಹೊರಿಸಿದ್ದೂ ನಾನೇ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀನು ಕ್ಷಮಿಸಿಬಿಟ್ಟರೆ ಮನೆಯವರೆಲ್ಲ ನಿರಾಳವಾಗಿ ಚಹಾ ಕುಡಿಯುತ್ತಾರೆ. ಅದು ಬೇಡ.

ಸುರಪುರದವರು ನಿನ್ನನ್ನು ನೋಡಲು ಬರುವವರಿದ್ದರು. ದಪ್ಪ ಚಸ್ಮಾ ಅವರ ಕಣ್ಣಿಗೆ ಬೀಳಬಾರದೆಂದು ಅವ್ವನ ಹಟ. ಗುಲ್ಬರ್ಗಾಕ್ಕೆ ಕರೆದೊಯ್ದು ಕಣ್ಣೊಳಗೆ ಇಡುವ ಲೆನ್ಸ್ ಕೊಡಿಸಿದೆ. ಅದನ್ನು ಮುಟ್ಟಲು ನಿನಗೆ ಅಂಜಿಕೆ. ತೊಳೆದಿಡುವ ಕೆಲಸ ನಾನೇ ಹಿಡಿದೆ— ಅಕ್ಕ, ಮೇಲಾಗಿ ವಿಜ್ಞಾನದ ಟೀಚರು. ಅಷ್ಟರಲ್ಲಿ ಲೆನ್ಸಿನ ದ್ರಾವಣ ಮುಗಿಯಿತು. ಶಹಾಪುರದ ಅಂಗಡಿಗಳಲ್ಲಿ ಸಿಗಲಿಲ್ಲ. ನಮ್ಮ ಬಾವಿಯದು ಸವುಳು ನೀರು. ಕಾಲುವೆಯದು ಸಿಹಿ; ಊರಿಗೆ ಮೊದಲ ಸಲ ಹರಿದು ಬಂದಾಗ ಅರಿಷಿಣ ಕುಂಕುಮ ಹಾಕಿ, ಉಡಿ ತುಂಬಿ ಬರಮಾಡಿಕೊಂಡ ನೀರು. ದೇವರಿಗೆ ನಡೆಯುವುದು ಕಣ್ಣಿಗೆ ನಡೆಯದೇ? ಕಣ್ಣೀರು ಉಪ್ಪಲ್ಲವೇ ಎಂದು ಚಿಟಿಕೆ ಉಪ್ಪನ್ನೂ ಹಾಕಿದೆ. ನಿನಗೆ ಹೇಳಲಿಲ್ಲ.

"ಅಕ್ಕಾ, ಉರಿಯಾಕತ್ತೈತಿ."

"ಹೊಸಾದು ಉರೀತದ. ಬೀಗರ ಮುಂದ ಕಣ್ಣೀರು ತಂದೀ ಮತ್ತ, ವರನ್ನ ನೋಡಿ ಅಂಜಿ ಅತ್ಲು ಅಂತಾರ!"

ನೀನು ನಕ್ಕೆ.

ನೀರನ್ನು ಕುದಿಸಿದ್ದೆನೇ? ಸ್ಟೋವು, ಹಬೆ, ಹಿತ್ತಾಳೆಯ ಚರಿಗೆ— ಎಲ್ಲ ಸ್ಪಷ್ಟ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನಂಬುವುದಿಲ್ಲ. ಆಗ ಮನೆಯಲ್ಲಿ ಸೀಮೆಎಣ್ಣೆ ಮುಗಿದಿತ್ತೆಂಬುದೂ ನೆನಪಿದೆ. ಇಷ್ಟು ವರ್ಷ ನನ್ನ ನೆನಪೇ ಆ ನೀರನ್ನು ಕುದಿಸುತ್ತ ಬಂದಿರಬೇಕು. ಕುದಿಸಿದ್ದರೂ ತಪ್ಪೇ. ಲೆನ್ಸಿಗೆ ಯಾವ ನೀರೂ ತಾಗಬಾರದು.

ಬಲಗಣ್ಣು ಕೆಂಪಾಯಿತು, ಬೆಳಕು ಚುಚ್ಚತೊಡಗಿತು. ಗುಲ್ಬರ್ಗಾದ ಡಾಕ್ಟರು ನನ್ನನ್ನೇ ಕೇಳಿದರು:

"ಲೆನ್ಸಿಗೆ ನೀರು ಗೀರು ಹತ್ತಿಸಿದ್ರೇನ್ರಿ?"

"ಇಲ್ರಿ ಸಾಹೇಬ್ರ. ಅಕಿ ಹಾಕ್ಕೊಂಡ ಮಲಗಿಬಿಡ್ತಾಳ್ರಿ."

ಅವರು ಅದನ್ನೇ ನಂಬಿ ಔಷಧಿ ಕೊಟ್ಟರು. ನೀರಿನ ಸೂಕ್ಷ್ಮಜೀವಿ ಒಳಗೆ ಕೊರೆಯುತ್ತಲೇ ಇತ್ತು. ಕೊನೆಗೆ ಕಣ್ಣಲ್ಲಿ ಬಿಳಿ ಹೂ ಬಿತ್ತು, ನೋಟ ಹೋಯಿತು. ಸುದ್ದಿ ಕೇಳಿ ಸುರಪುರದವರು ಈ ಕಡೆ ಬರಲೇ ಇಲ್ಲ. ನಿಜ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೋ— ಗೊತ್ತಿಲ್ಲ. ಆ 'ಗೊತ್ತಿಲ್ಲ'ದ ಹಿಂದೆ ಅಡಗುವವಳಲ್ಲ ನಾನು, ಇನ್ನು.

ಅಂದು ಡಾಕ್ಟರ ಬಳಿಯಿಂದ ಮರಳುವಾಗ ಬಸ್ಸಿನಲ್ಲಿ ನೀನು ಅಂದೆ: "ಒಂದಿನ ಮಧ್ಯಾಹ್ನ ನಿದ್ದಿ ಹತ್ತಿರಬೇಕು ಬಿಡಕ್ಕ." ಲೆನ್ಸ್ ಹಾಕಿಕೊಂಡು ನೀನು ಮಲಗಿರಲೇ ಇಲ್ಲ. ಅಲ್ಲಿಗೆ ನಿನ್ನ ನೆನಪನ್ನೂ ಕೆಡಿಸಿದ್ದೆ.

ಮೊನ್ನೆ ತಮ್ಮನ ಮಗಳು ಲೆನ್ಸ್ ತಂದಳು. ಅವ್ವ ಶುರು ಹಚ್ಚಿಕೊಂಡಳು:

"ಚಂದ ಕಾಣೋ ಹುಚ್ಚಿಗೆ ನಿಮ್ಮತ್ತಿ ಕಣ್ಣು ಕಳಕೊಂಡ್ಲು, ನೀನೂ ಕಳಕೋ!"

"ಅಕಿ ಮಲಗಿದ್ದಿಲ್ಲ," ಎಂದೆ, ಎಲ್ಲರೆದುರು. "ಡಬ್ಬಿಗೆ ನೀರು ಹಾಕಿದಾಕಿ ನಾ. ಡಾಕ್ಟರಿಗೆ ಸುಳ್ಳು ಹೇಳಿದಾಕೀನೂ ನಾ."

"ಈಗ್ಯಾಕವ್ವ ಅದು? ಸುಮ್ಮ ಕೂಡು," ಎಂದಳು ಅವ್ವ.

ಕೂಡಲಿಲ್ಲ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: ಸೋಪಿನಿಂದ ಕೈ ತೊಳೆದು ಒರೆಸಿಕೊಂಡೇ ಮುಟ್ಟು. ಹಳೆಯ ದ್ರಾವಣ ಚೆಲ್ಲು, ಪ್ರತಿಸಲ ಹೊಸದು ಹಾಕು. ಲೆನ್ಸ್ ಕಣ್ಣಲ್ಲಿರುವಾಗ ಡಬ್ಬಿಯನ್ನು ಬೋರಲು ಹಾಕಿ ಒಣಗಿಸು. ಸ್ನಾನಕ್ಕೆ, ನಿದ್ದೆಗೆ ಮೊದಲು ತೆಗೆ. ದ್ರಾವಣ ಇಲ್ಲದ ದಿನ ಚಸ್ಮಾ ಹಾಕು.

ಚಸ್ಮಾ ಹಾಕು— ಇದೊಂದು ಮಾತನ್ನು ಅಂದು ನಿನಗೆ ಹೇಳಲಾಗಲಿಲ್ಲ ನನ್ನಿಂದ.

ಹಬ್ಬಕ್ಕೆ ನೀನು ಯಾದಗಿರಿಯಿಂದ ಬರುತ್ತೀ. ಅವ್ವ ತಡೆಯಲಿ, ತಮ್ಮ ಎದ್ದು ಹೋಗಲಿ, ಎಲ್ಲವನ್ನೂ ಮತ್ತೆ ಹೇಳುತ್ತೇನೆ. ಇಷ್ಟು ವರ್ಷ ಊಟಕ್ಕೆ ನಿನ್ನ ಬಲಕ್ಕೇ ಕೂತೆ. ತಂಗಿಗೆ ಕಾಣದ ಕಡೆ ಅಕ್ಕ ಕಾವಲಿದ್ದಾಳೆಂದು ಜನ ಹೊಗಳಿದರು. ನಿನಗೆ ಕಾಣದ ಕಡೆ ಕೂತಿದ್ದೆ, ಅಷ್ಟೇ.

ಈ ಸಲ ಎಡಕ್ಕೆ ಕೂರುತ್ತೇನೆ.