ಲಾಡ್ಜಿನವರು ಕೊಟ್ಟ ಕಾವಲು

"ಮನೆಯಲ್ಲಿ ಜಗಳ ಆಡಿ ಬಂದದ್ದಾ?"

ಲಾಡ್ಜಿನ ಮ್ಯಾನೇಜರ್ ರಿಜಿಸ್ಟರ್ ಮುಚ್ಚಿಟ್ಟು ಹೀಗೆ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸೊಬ್ಬಳು ಒಬ್ಬಳೇ ಸಮುದ್ರ ನೋಡಲು ಬರಬಾರದೇ? ಯಾವ ಕಾನೂನು ರೀ ಇದು?

ನಾನು ಅರಸೀಕೆರೆಯವಳು. ಪಕ್ಕದ ಗಂಡಸಿ ಊರಿನ ಶಾಲೆಯಲ್ಲಿ ಟೀಚರ್. ಶಾಲೆಯಲ್ಲಿ ಮಕ್ಕಳ ಗಲಾಟೆ, ಮನೆಯಲ್ಲಿ ಟಿವಿ ಗಲಾಟೆ. (ಎರಡಕ್ಕಿಂತ ನನ್ನ ಬಾಯಿಯೇ ಜೋರು ಅನ್ನುತ್ತಾರೆ ನಮ್ಮನೆಯವರು.) ದಸರಾ ರಜೆಯಲ್ಲಿ ಮೂರು ದಿನ ಯಾರೊಂದಿಗೂ ಮಾತಾಡದೆ ಕೂರಬೇಕೆಂದು ಹಟ ಹಿಡಿದು ಕುಂದಾಪುರದಾಚೆಯ ಈ ಪುಟ್ಟ ಊರಿಗೆ ಬಂದಿದ್ದೆ.

"ಒಬ್ಬರೇ ಬಂದವರಿಗೆ ರೂಮು ಕೊಡುದಿಲ್ಲ ಮಾರಾಯ್ರೆ. ಎದುರಿಗೇ ಸಮುದ್ರ ಉಂಟು. ಏನಾದರೂ ಆದರೆ ಸ್ಟೇಷನ್‌ಗೆ ಅಲೆಯುದು ನಾನು."

ಕೊನೆಯ ಅಸ್ತ್ರ ಬಿಟ್ಟೆ. "ನಾನು ಪೇಪರಿಗೆ ಅಂಕಣ ಬರೀತೀನಿ ಕಣ್ರೀ!"

"ಬರೆಯುವವರಾ? ಹಾಗಾದರೆ ಖಂಡಿತ ಇಲ್ಲ."

ಕೊನೆಗೆ ನಮ್ಮ ಮನೆಗೇ ಫೋನ್ ಮಾಡಿದ. ಕಟ್ಟಿಕೊಂಡ ಗಂಡನಾದರೂ ಮರ್ಯಾದೆ ಉಳಿಸಬಾರದೇ? "ಜಗಳನಾ? ಅದು ದಿನಾ ಐತೆ ಬಿಡಿ. ಆದ್ರೆ ಅವಳು ಸಾಯೋಳಲ್ಲ ಸ್ವಾಮಿ, ಸಾಯಿಸೋಳು" ಅಂದರಂತೆ! ಅರ್ಧಂಬರ್ಧ ನಂಬಿದ ಮ್ಯಾನೇಜರ್ ರೂಮು ಕೊಟ್ಟ. ಒಂದೇ ಷರತ್ತು. ನಾನು ನೀರಿನ ಕಡೆ ಹೋದಾಗಲೆಲ್ಲ ಅವನ ಹೆಂಡತಿ ಸುಗುಣ ಜೊತೆಗಿರಬೇಕು.

ಲಾಡ್ಜಿನ ಅಡುಗೆ, ಬಟ್ಟೆ ಒಗೆಯುವ ಕೆಲಸ ಎಲ್ಲ ಸುಗುಣಳದೇ. ಮರಳ ಮೇಲೆ ಕೂತದ್ದೇ ತಡ, ಮೀನಿನ ರೇಟು, ನಾದಿನಿಯ ಬಾಣಂತನ ಎಲ್ಲ ಶುರು. ಮೌನವಂತೆ, ಮೌನ! ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಕೂತೆ. (ಅದೂ ಅವಳ ಗಂಡನಿಗೆ ವರದಿಯಾಯಿತು.) ಎರಡನೇ ದಿನ ನನ್ನ ಬಾಯಿ ಸುಮ್ಮನಿರಬೇಕಲ್ಲ? ನಮ್ಮ ಹೆಡ್‌ಮಾಸ್ಟರ ಕಥೆ ಹೇಳಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುತ್ತಲೇ ಲಾಡ್ಜಿಗೆ ಮರಳಿದೆವು.

ಮ್ಯಾನೇಜರ್ ನೋಡಿದ. "ಟೀಚರ್ ಆರಾಮ ಇದ್ದಾರಲ್ಲ. ನಾಳೆಯಿಂದ ನೀನು ಹೋಗುದು ಬೇಡ" ಎಂದ ಹೆಂಡತಿಗೆ.

ಅಬ್ಬಾ, ನಾಳೆ ನಾನೊಬ್ಬಳೇ! ನನಗೆ ಬೇಕಿದ್ದುದು ಅದೇ ತಾನೆ?

ಸುಗುಣ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಸಮುದ್ರ ಇಷ್ಟು ಹತ್ತಿರ ಉಂಟು. ಮದುವೆ ಆದ ಮೇಲೆ ನಾನು ಅಲ್ಲಿ ಸುಮ್ಮನೆ ಕೂತದ್ದು ಇದೇ ಮೊದಲು. ನಾಳೆ ಇವರ ಎದುರು ಸ್ವಲ್ಪ ಸಪ್ಪೆ ಮುಖ ಮಾಡ್ತೀರಾ?"

ಒಬ್ಬಳೇ ಬಂದೆನೆಂದು ಎರಡು ದಿನದಿಂದ ಬೀಗುತ್ತಿದ್ದವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕೌಂಟರ್ ಮುಂದೆ ನಿಂತು ನಾನು ಅತ್ತ ಅಳು ಇದೆಯಲ್ಲ, ಗಂಡನ ಮನೆಗೆ ಹೊರಟಾಗಲೂ ಅಷ್ಟು ಚೆನ್ನಾಗಿ ಅತ್ತಿರಲಿಲ್ಲ ಕಣ್ರೀ!