ಒಂದು ಬೆರಳು ಬಾಗಿದ ಅಚ್ಚು

ನಾನು ನಿಂತಿದ್ದದ್ದು ಮಕ್ತಲ್ ಪೇಟೆಯ ದಕ್ಷಿಣದ ತುದಿಯಲ್ಲಿ, ಕಮ್ಮಾರ ಭೀಮಣ್ಣನ ಕುಲುಮೆಯಿಂದ ಏಳು ಹೆಜ್ಜೆ ಆಚೆ, ಬೇವಿನ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ. ಹೊತ್ತು ಬೆಳಗಿನ ಎಂಟು. ತಿಂಗಳು ನಮ್ಮ ಮನೆಯಲ್ಲಿ ಚೈತ್ರ, ನಿಜಾಮ್ ಸರಕಾರದ ಕಾಗದಗಳಲ್ಲಿ ಖುರ್ದಾದ್. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಗಾಡಿಯ ಗಾಲಿ ನೆಟ್ಟಗೆ ನಿಂತಿದೆಯೇ ಎಂದು ದಾರಿಹೋಕರು ಯಾರೂ ನೋಡುವುದಿಲ್ಲ, ನಾನೂ ಆ ದಿನದವರೆಗೆ ನೋಡಿದವನಲ್ಲ. ನೋಡಲು ಕಲಿತದ್ದು ಅಲ್ಲಿ, ಅಂದು.

ನಾನು ಆಗ ದನದ ಡಾಕ್ಟರರ ಕೈಕೆಳಗಿನ ಕಂಪೌಂಡರ್. ಊರೂರು ಸುತ್ತುವ ನಮ್ಮ ದೌರೆಗೆಂದು ಎರಡು ಗಾಲಿಯ ಒಂದು ಹಳೆಯ ಗಾಡಿಮನೆಯಿತ್ತು. ಲಾರಿಯ ಹಿಂದೆ ಕಟ್ಟಿ ಎಳೆಯುವಂಥದು. ಅದರೊಳಗೆ ಮಲಗಲು ಎರಡು ಹಲಗೆ, ಔಷಧದ ಕಪಾಟು, ಗಾಡಿಯ ಮೈಗೇ ಕೂಡಿಸಿದ ಮಂಜುಗಡ್ಡೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕುರಿಗಳಿಗೆ ಚುಚ್ಚುವ ಲಸಿಕೆ. ಹಿಂದಿನ ದಿನ ನಾರಾಯಣಪೇಟೆಯಿಂದ ಬರುವಾಗ ಎರಡು ಗಾಲಿಗಳನ್ನು ಕೂಡಿಸುವ ಸವೆದ ಅಚ್ಚು ಎಡಗಡೆ ಬಾಗಿ, ಗಾಲಿ ಹೊರಳಿ, ಗಾಡಿ ನನ್ನನ್ನೂ ಒಳಗಿಟ್ಟುಕೊಂಡೇ ಹಳ್ಳದ ಕಡೆ ವಾಲಿತ್ತು. ಬಿದ್ದಿರಲಿಲ್ಲ. ಮೆಲ್ಲಗೆ ಎಳೆಸಿ ರಾತ್ರಿ ಮಕ್ತಲ್ ಸೇರಿಸಿದ್ದೆವು.

ಡಾಕ್ಟರರು ಮೊದಲೇ ಕೃಷ್ಣೆ ದಾಟಿ ಗದ್ವಾಲ್ ಸೀಮೆಯಲ್ಲಿ ಕಾಯುತ್ತಿದ್ದರು. ಅಲ್ಲಿ ಕುರಿಗಳು ರೋಗ ತಗುಲಿ ಬೀಳತೊಡಗಿದ್ದವು. ಮೈಲಾರಪ್ಪನೆಂಬ ಕುರುಬ ತನ್ನ ಹಿಂಡನ್ನು ಹೆಂಡತಿಯ ಕಾವಲಿಗೆ ಬಿಟ್ಟು, ಹೊಳೆ ದಾಟಿ ನಡೆದು ಬಂದು, ಹೆಗಲ ಕಂಬಳಿ ತೆಗೆಯದೆ ಕುಲುಮೆಯ ಎದುರು ಕುಳಿತಿದ್ದ. ರಾಯಚೂರಿನಿಂದ ತರಿಸಿದ ಮಂಜುಗಡ್ಡೆ ಸಂಜೆಯವರೆಗೆ ಮಾತ್ರ ತಾಳುವಂತಿತ್ತು. ಅದು ಕರಗಿದರೆ ಲಸಿಕೆ ಬರೀ ನೀರು.

ಭೀಮಣ್ಣ ಇಕ್ಕಳ ಹಿಡಿಯುತ್ತಿದ್ದ. ದೊಡ್ಡ ಸುತ್ತಿಗೆ ಎತ್ತುವವಳು ಅವನ ಹೆಂಡತಿ ಈರಮ್ಮ. ಅವನು ಸಣ್ಣ ಸುತ್ತಿಗೆಯಿಂದ ಟಕ್ ಎಂದು ಜಾಗ ತೋರಿಸಿದರೆ, ಅವಳು ಅಲ್ಲೇ ಧಡ್ ಎಂದು ಇಳಿಸುತ್ತಿದ್ದಳು. ಇಬ್ಬರೂ ಸೇರಿ ಒಂದು ಹಳೆಯ ಉಕ್ಕಿನ ಸರಳನ್ನು ಹೊಸ ಅಚ್ಚಾಗಿ ಮಾಡಿ ನನ್ನ ಮುಂದಿಟ್ಟರು.

ನಾನು ಓದಿದವನು. ಜೇಬಿನಿಂದ ನೂಲು ತೆಗೆದು ತುದಿಯಿಂದ ತುದಿಗೆ ಎಳೆದು ಹಿಡಿದೆ. ಅಚ್ಚಿನ ನಡು ಒಂದು ಬೆರಳಿನಷ್ಟು ಮೇಲಕ್ಕೆ ಉಬ್ಬಿತ್ತು.

“ಸೊಟ್ಟ ಐತಲ್ಲೋ ಭೀಮಣ್ಣ!”

“ಹಂಗ ಇರಬೇಕ್ರೀ.”

“ಹಳೇದು ನೋಡು, ಬಲಗಡೆ ಎಷ್ಟು ನೆಟ್ಟಗ ಐತಿ. ಸರಕಾರಿ ಗಾಡಿಗೆ ಸೊಟ್ಟ ಅಚ್ಚು ಹಾಕಾಕ ಬರೂದಿಲ್ಲ.”

ಸರಕಾರ ಎಂಬ ಮಾತು ಬಂದಮೇಲೆ ಆ ಕಾಲದಲ್ಲಿ ಕಮ್ಮಾರ ವಾದಿಸುತ್ತಿರಲಿಲ್ಲ. “ಹುಕುಂ ಆತಲ್ರೀ,” ಎಂದು ಅಚ್ಚನ್ನು ಮತ್ತೆ ಬೆಂಕಿಗೆ ಇಟ್ಟ. ಈರಮ್ಮ ಮಾತ್ರ ಸುತ್ತಿಗೆಗೆ ಹೇಳುವವಳಂತೆ ಹೇಳಿದಳು: “ಹೊಡಿಯವ್ವ ಹೊಡಿ, ಸಾಹೇಬ್ರು ನೂಲು ತಂದಾರ.”

ನೆಟ್ಟಗಾದ ಅಚ್ಚನ್ನು ಗಾಡಿಯ ಅಡಿಯ ಕಮಾನು ಪಟ್ಟಿಗಳಿಗೆ ಬಿಗಿದು, ಗಾಲಿ ತೊಡಿಸಿ, ಸಾಮಾನು ಏರಿಸಿದೆವು. ಲಾರಿ ಇಪ್ಪತ್ತು ಹೆಜ್ಜೆ ಎಳೆಯಿತು. ಭಾರ ಬಿದ್ದೊಡನೆ ಅಚ್ಚಿನ ನಡು ಕೆಳಗೆ ಜಗ್ಗಿ, ಎರಡೂ ಗಾಲಿಗಳ ತಲೆಗಳು ಗುಟ್ಟು ಮಾತಾಡುವವರಂತೆ ಒಳಕ್ಕೆ ಬಾಗಿದವು. ಗಾಲಿಯ ರಬ್ಬರು ಗಾಡಿಯ ಮೈಗೆ ಉಜ್ಜಿ ಹೊಗೆ ಎದ್ದಿತು. ಆಗ ನನಗೆ ಹೊಳೆಯಿತು: ಹಳೆಯ ಅಚ್ಚೂ ಹುಟ್ಟುವಾಗ ಉಬ್ಬಿಯೇ ಇತ್ತು, ವರ್ಷಗಟ್ಟಲೆ ಭಾರ ಹೊತ್ತು ಹೊತ್ತು ನೆಟ್ಟಗಾಗಿತ್ತು. ಅದರ ದಣಿವನ್ನೇ ನಾನು ಅದರ ಗುಣವೆಂದು ಓದಿಕೊಂಡಿದ್ದೆ.

ಮಧ್ಯಾಹ್ನ ಹನ್ನೆರಡಾಗಿತ್ತು. ಮೈಲಾರಪ್ಪ ಎದ್ದು ಬಂದ. “ಕಂಪೌಂಡರ್ ಸಾಹೇಬ್ರೆ, ನಿಮ್ಮ ನೂಲಿಲೆ ನನ್ನ ಕುರಿ ಬದುಕ್ತಾವೇನ್ರೀ?”

ಅವನ ಮುಖ ನೋಡಲಾಗಲಿಲ್ಲ. ಭೀಮಣ್ಣನ ಎದುರು ನಿಂತು, ಊರು ಕೇಳುವಂತೆ, “ತಪ್ಪು ನಂದು. ನಿನ್ನ ಕಣ್ಣಿಗೆ ಹೆಂಗ ಬರ್ತೈತಿ ಹಂಗ ಮಾಡು,” ಎಂದೆ. ಅವನು ನಗಲಿಲ್ಲ. “ಒಂದು ಬೆರಳು ಸಾಲೂದಿಲ್ರೀ, ಐಸಿನ ಪೆಟ್ಟಿಗಿ ಭಾಳ ವಜ್ಜಾ ಐತಿ. ಒಂದೂಕಾಲು ಬೇಕು,” ಎಂದು ಇಕ್ಕಳ ಎತ್ತಿಕೊಂಡ. ಬೆಂಕಿಗೆ ಗಾಳಿಯೂದುವ ತಿದಿ ಒತ್ತಲು ನಾನೇ ಕುಳಿತೆ. “ಮೆಲ್ಲಕ್ರೀ, ಕೂಸಿನ ತೊಟ್ಟಿಲಲ್ಲ ಅದು, ಹಂಗಂತ ಕುಸ್ತಿನೂ ಅಲ್ಲ,” ಎಂದು ಈರಮ್ಮ ಬಯ್ಯುತ್ತಲೇ ಕಲಿಸಿದಳು. ಅಂಗಿ ಎರಡು ಕಡೆ ಸುಟ್ಟಿತು.

ಮೂರು ಗಂಟೆಗೆ ಗಾಡಿ ಮತ್ತೆ ನಿಂತಿತು. ಖಾಲಿಯಿದ್ದಾಗ ಗಾಲಿಗಳ ತಲೆ ತುಸು ಹೊರಕ್ಕೆ ವಾಲಿದ್ದವು. ಸಾಮಾನು ಏರಿದಂತೆ ಒಂದೊಂದೇ ಎಳೆ ಒಳಕ್ಕೆ ಬಂದು, ಕೊನೆಯ ಹೊರೆಗೆ ಸರಿಯಾಗಿ ನೆಟ್ಟಗೆ ನಿಂತವು. ನೂಲು ನನ್ನ ಜೇಬಿನಲ್ಲೇ ಇತ್ತು, ತೆಗೆಯುವ ಧೈರ್ಯವಾಗಲಿಲ್ಲ. ಹೊರಬೇಕಾದ ಭಾರವನ್ನು ಮೊದಲೇ ಎಣಿಸಿ ಅಷ್ಟು ಬಾಗಿಕೊಂಡಿರುವುದು ದೋಷವಲ್ಲವೆಂಬುದು ಕಬ್ಬಿಣಕ್ಕೆ ತಿಳಿದಿತ್ತು, ನನಗೆ ತಿಳಿದದ್ದು ಅಂದು.

ಲಾರಿ ಹೊಳೆಯ ದಂಡೆಯವರೆಗೆ ಎಳೆಯಿತು. ಮುಂದೆ ಹೊಳೆಯೊಳಗೆ ಎಳೆದದ್ದು ನಾಲ್ಕು ಜೊತೆ ಎತ್ತು. “ಹಾದಿಯಾಗ ಏನಾರ ಆದ್ರ ಯಾರು ನೋಡವ್ರು?” ಎಂದು ಭೀಮಣ್ಣನೂ ಈರಮ್ಮನೂ ಮೈಲಾರಪ್ಪನ ಜೊತೆ ಲಾರಿಯಲ್ಲೇ ಬಂದು, ಗಾಡಿಯ ಹಿಂದೆ ಹೊಳೆಗಿಳಿದರು. ಬೇಸಿಗೆಯ ಕೃಷ್ಣೆ ಎಂದರೆ ಬಂಡೆ, ಉಸುಕು, ನಡುನಡುವೆ ಮೊಳಕಾಲು ನೀರು. ಬಂಡೆಯಿಂದ ಬಂಡೆಗೆ ಗಾಡಿ ಇಳಿದಾಗಲೆಲ್ಲ ನಾನು ಬಗ್ಗಿ ಅಚ್ಚಿಗೆ ಕಿವಿಗೊಟ್ಟೆ. ಅಚ್ಚು ಒಮ್ಮೆಯೂ ಕಿರುಗುಟ್ಟಲಿಲ್ಲ. ಆಚೆ ದಂಡೆ ಹತ್ತಿದಾಗ ಇನ್ನೂ ಬಿಸಿಲಿತ್ತು. ಡಾಕ್ಟರರು ಪೆಟ್ಟಿಗೆಯ ಮುಚ್ಚಳ ತೆರೆದು ಕೈಯಿಟ್ಟು, “ತಣ್ಣಗಿದೆ!” ಎಂದು ಕೂಗಿದರು. ಮೈಲಾರಪ್ಪ ತಲೆಯ ರುಮಾಲು ಬಿಚ್ಚಿ ಮೇಲಕ್ಕೆ ಎಸೆದ. ಭೀಮಣ್ಣ ಬಗ್ಗಿ ಗಾಲಿಗಳನ್ನೇ ನೋಡುತ್ತಿದ್ದ. ಆ ಸಂಜೆಯೇ ಚುಚ್ಚಲು ಶುರುಮಾಡಿ, ಮಂಜು ಪೂರಾ ಕರಗುವ ಮೊದಲೇ ಕಂದೀಲು ಹಿಡಿದು ರಾತ್ರಿಯಲ್ಲೇ ಇಡೀ ಹಿಂಡು ಮುಗಿಸಿದೆವು. ಮೊದಲೇ ಬಿದ್ದ ಒಂಬತ್ತು ಕುರಿ ಹೋದವು. ಮಿಕ್ಕವು ಮುಂಗಾರಿಗೆ ಮೇಯಲು ಹೊರಟದ್ದನ್ನು ನಾನೇ ನೋಡಿದ್ದೇನೆ.

ಅಂದು ಆ ದಂಡೆಯ ಮೇಲಿದ್ದವರಲ್ಲಿ ಡಾಕ್ಟರರು ಈಗಿಲ್ಲ, ಭೀಮಣ್ಣನೂ ಇಲ್ಲ. ಗದ್ವಾಲ್ ಸೀಮೆಯ ಕೆ.ಟಿ. ದೊಡ್ಡಿಯಲ್ಲಿ ಮೈಲಾರಪ್ಪ ಇದ್ದಾನೆ. ಮಕ್ತಲಿನಲ್ಲಿ ಈರಮ್ಮ ಇದ್ದಾಳೆ. ನನ್ನ ಮಾತು ನಂಬದವರು ಇಬ್ಬರನ್ನೂ ಕೇಳಬಹುದು. ಗಾಡಿ ದಾಟಿತೆಂದೇ ಇಬ್ಬರೂ ಹೇಳುತ್ತಾರೆ. ಗಾಡಿ ದಂಡೆ ಹತ್ತಿದಾಗ ಕಂಪೌಂಡರ್ ಸಾಹೇಬ್ರು ಅತ್ತರು ಎಂದು ಈರಮ್ಮ ಒಂದು ಮಾತು ಸೇರಿಸುತ್ತಾಳೆ. ಅದೂ ನಿಜ.